ಅಮೆರಿಕದ ಸರ್ಕಾರಿ ನೌಕರರಿಗೆ ಹೇಳೋರು ಕೇಳೋರು ಯಾರು?

ಅಧ್ಯಕ್ಷರು ಬದಲಾದಾಗ ಅಮೆರಿಕದ ಕೇಂದ್ರ ಸರ್ಕಾರದ ನೌಕರರೂ ಬದಲಾಗುತ್ತಾರಾ, ಇಲ್ಲದಿದ್ದರೆ ಅವರಿಗೆ ಹೇಳೋರು ಕೇಳೋರು ಯಾರು ಅಂತ ಕೇಳಿದ್ದೀರಿ. ಇಲ್ಲಿ ಎಷ್ಟೋ ವರ್ಷದಿಂದ ಇದ್ದೇನೆ, ಹಾಗಾಗಿ ಗೊತ್ತಿರುವಷ್ಟು ಹೇಳುತ್ತೇನೆ.

ಎಲ್ಲರೂ ಬದಲಾಗುವುದಿಲ್ಲ. ಸುಮಾರು 20 ಲಕ್ಷ ನೌಕರರಲ್ಲಿ ರಾಜಕೀಯ ನೇಮಕದಿಂದ ಬರುವವರು 4,000ದಷ್ಟು ಜನ ಮಾತ್ರ. ಆದರೆ ಮೊದಲು ಹೀಗಿರಲಿಲ್ಲ. 1829ರಲ್ಲಿ ಆಂಡ್ರ್ಯೂ ಜಾಕ್ಸನ್ ಅಧ್ಯಕ್ಷರಾದ ಮೇಲೆ, ಗೆದ್ದ ಪಕ್ಷದವರಿಗೇ ಸರ್ಕಾರಿ ಕೆಲಸ ಹಂಚುವುದು ರೂಢಿಯಾಯಿತು. ಅಂಚೆ ಕಚೇರಿ, ಸುಂಕದ ಕಚೇರಿ, ಎಲ್ಲಿ ನೋಡಿದರೂ ಪಕ್ಷದ ಜನ. ಕೆಲಸ ಸಿಕ್ಕವರು ಸಂಬಳದಲ್ಲಿ ಒಂದು ಪಾಲನ್ನು ಪಕ್ಷಕ್ಕೆ ಕೊಡಬೇಕಿತ್ತು.

ಇದಕ್ಕೆ ಒಬ್ಬ ಅಧ್ಯಕ್ಷರೇ ಬಲಿಯಾದರು. ಚಾರ್ಲ್ಸ್ ಗಿಟೋ ಎಂಬಾತ ಚುನಾವಣೆಯಲ್ಲಿ ಜೇಮ್ಸ್ ಗಾರ್‌ಫೀಲ್ಡ್ ಪರವಾಗಿ ಒಂದು ಭಾಷಣ ಬರೆದಿದ್ದ. ಅವರು ಗೆದ್ದದ್ದು ತನ್ನಿಂದಲೇ ಅಂತ ನಂಬಿಕೊಂಡ. ಪ್ಯಾರಿಸ್‌ನಲ್ಲಿ ಕಾನ್ಸುಲ್, ಅಂದರೆ ಅಮೆರಿಕ ಸರ್ಕಾರದ ಪ್ರತಿನಿಧಿಯ ಹುದ್ದೆ ಬೇಕು ಅಂತ ಕಚೇರಿಯಿಂದ ಕಚೇರಿಗೆ ಅಲೆದ. ಸಿಗಲಿಲ್ಲ. 1881ರ ಜುಲೈ 2ರಂದು ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗಾರ್‌ಫೀಲ್ಡ್‌ಗೆ ಗುಂಡು ಹೊಡೆದ. ಎರಡೂವರೆ ತಿಂಗಳು ನರಳಿ ಅವರು ತೀರಿಕೊಂಡರು. ಆಮೇಲೆ ಅಧ್ಯಕ್ಷರಾದ ಚೆಸ್ಟರ್ ಆರ್ಥರ್ ಇದೇ ಹಂಚಿಕೆಯಿಂದ ಮೇಲೆ ಬಂದವರು, ನ್ಯೂಯಾರ್ಕ್ ಬಂದರಿನ ಸುಂಕದ ಕಚೇರಿಯ ಮುಖ್ಯಸ್ಥರಾಗಿದ್ದವರು. ಪರೀಕ್ಷೆ ಬರೆದೇ ಕೆಲಸ ಪಡೆಯಬೇಕು ಎನ್ನುವ ಪೆಂಡಲ್ಟನ್ ಕಾಯ್ದೆಗೆ 1883ರಲ್ಲಿ ಸಹಿ ಹಾಕಿದ್ದು ಅವರೇ! ಮೊದಲಿಗೆ ಅದು ಹತ್ತರಲ್ಲಿ ಒಂದು ಹುದ್ದೆಗೆ ಮಾತ್ರ ಅನ್ವಯಿಸುತ್ತಿತ್ತು. ಮುಂದೆ ಅಧಿಕಾರ ಬಿಡುವ ಅಧ್ಯಕ್ಷರು ತಮ್ಮವರ ಕೆಲಸ ಉಳಿಯಲಿ ಅಂತ ಇನ್ನಷ್ಟು ಹುದ್ದೆಗಳನ್ನು ಅದರಡಿ ಸೇರಿಸುತ್ತಾ ಹೋದರು. ಸ್ವಾರ್ಥದಿಂದಲೇ ಆದರೂ ಒಳ್ಳೆಯದಾಯಿತು.

1930ರ ದಶಕದಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲಕ್ಕೆ ಹೊಸ ಹೊಸ ಸಂಸ್ಥೆಗಳು ಬಂದವು. ನಿಯಮ ಮಾಡುವ ಅಧಿಕಾರವೂ ಅಧಿಕಾರಿಗಳ ಕೈಗೆ ಬಂತು. ಲಗಾಮು ಬೇಕಲ್ವಾ? ದುಡ್ಡು ಮಂಜೂರು ಮಾಡುವುದು ಇಲ್ಲಿನ ಸಂಸತ್ತು, ಅಂದರೆ ಕಾಂಗ್ರೆಸ್. ಅದಕ್ಕೆ 1921ರಿಂದ ತನ್ನದೇ ಲೆಕ್ಕಪರಿಶೋಧನೆಯ ಕಚೇರಿ ಇದೆ. 1978ರ ಕಾಯ್ದೆಯಿಂದ ಇಲಾಖೆಗಳ ಒಳಗೇ ತನಿಖೆ ಮಾಡುವ ಇನ್ಸ್‌ಪೆಕ್ಟರ್ ಜನರಲ್‌ಗಳು ಬಂದರು. ಇವರನ್ನು ತೆಗೆಯುವ 30 ದಿನ ಮೊದಲೇ ಅಧ್ಯಕ್ಷರು ಕಾರಣ ಸಮೇತ ಕಾಂಗ್ರೆಸ್‌ಗೆ ತಿಳಿಸಬೇಕು. 2025ರ ಜನವರಿಯಲ್ಲಿ ಟ್ರಂಪ್ ಇಂಥ ಸುಮಾರು 17 ಜನರನ್ನು ಒಂದೇ ರಾತ್ರಿ ಕೆಲಸದಿಂದ ತೆಗೆದರು. ಇದು ಕಾನೂನಿಗೆ ವಿರುದ್ಧ ಅಂತ ನ್ಯಾಯಾಧೀಶೆಯೊಬ್ಬರು ಹೇಳಿದರೂ ಅವರನ್ನು ವಾಪಸ್ ಕೆಲಸಕ್ಕೆ ಸೇರಿಸಲಿಲ್ಲ. ನನಗೆ ತುಂಬಾ ಚಿಂತೆಯಾದದ್ದು ಇದರಿಂದಲೇ. ಕಾವಲಿನವರನ್ನೇ ಕಳಿಸಿಬಿಟ್ಟರೆ ತಪ್ಪು ಹಿಡಿಯುವವರು ಯಾರು?

ಸಾಮಾನ್ಯ ಜನರ ಕೈಗೆ ಎಟುಕುವ ದಾರಿ ಅಂದರೆ 1946ರ ಆಡಳಿತ ಕಾರ್ಯವಿಧಾನ ಕಾಯ್ದೆ. ಹೊಸ ನಿಯಮ ತರುವ ಮುಂಚೆ ಕರಡನ್ನು ಪ್ರಕಟಿಸಬೇಕು. ಜನ ಅದಕ್ಕೆ ಅಭಿಪ್ರಾಯ ಬರೆಯಬಹುದು. ಮುಖ್ಯವಾದ ಆಕ್ಷೇಪಗಳಿಗೆ ಇಲಾಖೆ ಉತ್ತರ ಕೊಡಲೇಬೇಕು, ಇಲ್ಲದಿದ್ದರೆ ಕೋರ್ಟಿನಲ್ಲಿ ನಿಯಮ ಬಿದ್ದುಹೋಗಬಹುದು. ಇದು ನಮ್ಮ ಮನೆಯಲ್ಲೇ ನಡೆದ ಕಥೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಕಾಯುತ್ತಿರುವ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಕೆಲಸ ಮಾಡಲು ಅವಕಾಶ ಕೊಡುವ ಕರಡು 2014ರಲ್ಲಿ ಬಂತು. ನನ್ನ ಹೆಂಡತಿ ಎಂಜಿನಿಯರ್. ಆಗ ಆರು ವರ್ಷದಿಂದ ಮನೆಯಲ್ಲೇ ಇದ್ದಳು. ರಾತ್ರಿ ಕೂತು ಎರಡು ಪುಟ ಬರೆದು ಕಳಿಸಿದಳು. ಅವಳಂತೆ ಸಾವಿರಾರು ಜನ ಬರೆದಿದ್ದರು, ಅದರಲ್ಲಿ ಎಷ್ಟೋ ಕನ್ನಡದ ಹೆಣ್ಣುಮಕ್ಕಳು. 2015ರ ಮೇ ತಿಂಗಳಲ್ಲಿ ನಿಯಮ ಜಾರಿಗೆ ಬಂತು.

ಅದರ ವಿರುದ್ಧ ಕೇಸೂ ಬಿತ್ತು. ಮೇಲ್ಮನವಿ ಕೋರ್ಟು ನಿಯಮವನ್ನು ಎತ್ತಿಹಿಡಿದದ್ದು 2024ರಲ್ಲಿ. ಒಂಬತ್ತು ವರ್ಷ ಭಯದಲ್ಲೇ ಇದ್ದೆವು. ಆದರೂ ಕೇಸು ಹಾಕಿದವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಹೆಂಡತಿಗೆ ಬರೆಯುವ ಅವಕಾಶ ಕೊಟ್ಟ ಕಾಯ್ದೆಯೇ ಅವರಿಗೆ ಕೋರ್ಟಿನ ಬಾಗಿಲನ್ನೂ ತೆರೆದಿತ್ತು.