ಮನೆಮಂದಿ ಜೊತೆ ಕೋವಿ ಹಿಡಿದು ದಕ್ಷಿಣ ಆಫ್ರಿಕಾಕ್ಕೆ: ಮೊದಲು ಬೆಂಗಳೂರಿನ ಟಿಕೆಟ್ ಬೇರೆ ಮಾಡಿ

ಅಣ್ಣಾ, ನಿಮ್ಮ ಪ್ರಶ್ನೆ ನಿನ್ನೆಯೇ ನೋಡಿದೆ. ಅವಸರದಲ್ಲಿ ಎರಡು ಸಾಲು ಹಾಕುವ ವಿಷಯ ಅಲ್ಲ ಇದು, ಅದಕ್ಕೆ ಇವತ್ತು ಕೂತು ಬರೆಯುತ್ತಿದ್ದೇನೆ. ನೀವು ಕೇಳಿದ್ದು ಇಷ್ಟು ಅಲ್ವಾ: ಡಲ್ಲಾಸ್‌ನಿಂದ ಹೊರಟು ದಕ್ಷಿಣ ಆಫ್ರಿಕಾದ ಲಿಂಪೋಪೋ ಪ್ರಾಂತ್ಯದಲ್ಲಿ ಹತ್ತು ದಿನ ಶಿಕಾರಿ, ಜೊತೆಗೆ ಅತ್ತಿಗೆ, 19ರ ಮಗಳು, 14ರ ಮಗ, ಮೂರು ರೈಫಲ್, ಆಮೇಲೆ ಜೊಹಾನ್ಸ್‌ಬರ್ಗಿನಿಂದ ಹಾಗೇ ಬೆಂಗಳೂರಿಗೆ ಹೋಗಿ ಅಮ್ಮನನ್ನು ನೋಡಿಕೊಂಡು ವಾಪಸ್. ನಾವೂ ಮಕ್ಕಳನ್ನು ಕಟ್ಟಿಕೊಂಡು ಎರಡು ಸಲ ಜೊಹಾನ್ಸ್‌ಬರ್ಗಿಗೆ ಕೋವಿ ತೆಗೆದುಕೊಂಡು ಹೋಗಿ ಬಂದಿದ್ದೇವೆ.

ಮೊದಲು ಬೆಂಗಳೂರಿನ ಮಾತು. ಕೋವಿ ಜೊತೆಗಿದ್ದರೆ ದಯವಿಟ್ಟು ಇಂಡಿಯಾಕ್ಕೆ ಹೋಗಬೇಡಿ. ಕೋವಿ, ತೋಟಾ ಎರಡಕ್ಕೂ 1959ರ ಆರ್ಮ್ಸ್ ಆಕ್ಟ್ ಇದೆ. ಲೈಸೆನ್ಸ್ ಇಲ್ಲದೆ ಒಂದೇ ಒಂದು ತೋಟಾ ಬ್ಯಾಗಿನಲ್ಲಿ ಸಿಕ್ಕಿದರೂ ಏರ್‌ಪೋರ್ಟ್‌ನಲ್ಲಿ ಪೊಲೀಸರ ಕೈಗೆ ಕೊಡುತ್ತಾರೆ, ಕೇಸ್ ಆಗುತ್ತದೆ. ಗೊತ್ತಿಲ್ಲದೆ ಬ್ಯಾಗಿನಲ್ಲಿ ಉಳಿದಿತ್ತು ಅಂತ ಕೋರ್ಟ್ ಕೇಸು ವಜಾ ಮಾಡಿದ ಉದಾಹರಣೆಗಳು ಇವೆ ನಿಜ, ಆದರೆ ಅಷ್ಟರೊಳಗೆ ನಿಮ್ಮ ವಿಮಾನ, ರಜೆ, ಮಕ್ಕಳ ಸ್ಕೂಲು ಎಲ್ಲಾ ಹೋಗಿರುತ್ತದೆ. ಗುಂಪಿನಲ್ಲಿ ಒಬ್ಬರು "ಕೊಡವರಿಗೆ ಲೈಸೆನ್ಸ್ ಬೇಡವಲ್ಲ, ಅವರಿಗೆ ಏನು ತೊಂದರೆ" ಅಂತ ಕೇಳಿದ್ದಾರೆ. ನಾನೂ ಕೊಡಗಿನವನೇ, ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡಿದ ಮನೆಯವನು. ಆ ವಿನಾಯಿತಿ ಊರಿನಲ್ಲಿ ಇಟ್ಟುಕೊಳ್ಳುವ ಕೋವಿಗೆ. ಹೊರದೇಶದಿಂದ ವಿಮಾನದಲ್ಲಿ ತರುವುದಕ್ಕೆ ಅಲ್ಲ. ಎರಡನ್ನೂ ಕಲಸಬೇಡಿ.

ಹಾಗಾಗಿ ದಾರಿ ಎರಡೇ. ಕೋವಿ ತೆಗೆದುಕೊಂಡು ಹೋಗುವುದಾದರೆ ಆಫ್ರಿಕಾದಿಂದ ನೇರ ಮನೆಗೆ ಬನ್ನಿ, ಅಮ್ಮನನ್ನು ನೋಡಲು ಬೇರೆ ಟಿಕೆಟ್ ಮಾಡಿ. ಒಂದೇ ಸುತ್ತಿನಲ್ಲಿ ಎರಡೂ ಆಗಲೇಬೇಕು ಅಂದರೆ ಕೋವಿ ಮನೆಯಲ್ಲಿ ಬಿಟ್ಟು, ಅಲ್ಲಿನ ಔಟ್‌ಫಿಟರ್ (ಶಿಕಾರಿಯ ಏರ್ಪಾಡು ಮಾಡಿಕೊಡುವವರು) ಹತ್ತಿರ ದಿನಬಾಡಿಗೆಗೆ ತೆಗೆದುಕೊಳ್ಳಿ. ಹೆಚ್ಚಿನವರ ಹತ್ತಿರ ಒಳ್ಳೆಯ ರೈಫಲ್ ಇರುತ್ತವೆ. ನಿಮ್ಮದು ಮೊದಲ ಸಲ, ಜೊತೆಗೆ ಮಕ್ಕಳು, ನನ್ನನ್ನು ಕೇಳಿದರೆ ಬಾಡಿಗೆಯೇ ವಾಸಿ. ಆದರೆ ನಮ್ಮ ಕೋವಿಯಲ್ಲೇ ಹೊಡೆಯಬೇಕು ಅನ್ನುವ ಆಸೆ ನನಗೂ ಅರ್ಥವಾಗುತ್ತದೆ, ಅದಕ್ಕೇ ಉಳಿದದ್ದು ಬರೆಯುತ್ತೇನೆ.

ಮನೆಯಿಡೀ ಹೋಗುವಾಗ ಜನ ಎಡವುವುದು ಒಂದೇ ಕಡೆ. ಮನೆಗೆ ಬೇಕಾದದ್ದೆಲ್ಲ ಅಪ್ಪನ ಹೆಸರಲ್ಲಿ ಒಟ್ಟಿಗೆ ಮಾಡಿಬಿಡೋಣ ಅಂದುಕೊಳ್ಳುತ್ತಾರೆ. ಕೋವಿಯ ಕಾಗದ, ತೋಟಾದ ತೂಕ ಎಲ್ಲಾ ತಲೆಗೆ ಇಷ್ಟು ಅಂತ ಲೆಕ್ಕ, ಮನೆಗೆ ಇಷ್ಟು ಅಂತ ಅಲ್ಲ.

ದಕ್ಷಿಣ ಆಫ್ರಿಕಾದೊಳಗೆ ಕೋವಿ ತರುವ ತಾತ್ಕಾಲಿಕ ಪರ್ಮಿಟ್‌ಗೆ 21 ವರ್ಷ ತುಂಬಿರಬೇಕು. ಟೆಕ್ಸಾಸ್‌ನಲ್ಲಿ ನಿಮ್ಮ ಮಗಳು ತನ್ನದೇ ರೈಫಲ್ ಇಟ್ಟುಕೊಂಡಿರಬಹುದು, ದಕ್ಷಿಣ ಆಫ್ರಿಕಾದೊಳಗೆ ಮಾತ್ರ ಅವಳ ಹೆಸರಲ್ಲಿ ಅದು ಹೋಗುವುದಿಲ್ಲ. ಆದ್ದರಿಂದ ಎರಡೇ ತೆಗೆದುಕೊಂಡು ಹೋಗಿ, ಒಂದು ನಿಮ್ಮ ಹೆಸರಲ್ಲಿ, ಒಂದು ಅತ್ತಿಗೆ ಹೆಸರಲ್ಲಿ. ಮಕ್ಕಳಿಬ್ಬರೂ ನಿಮ್ಮ ಎದುರಿಗೆ ಅವನ್ನೇ ಬಳಸಲಿ. ಒಂದು ಹೊತ್ತಿಗೆ ಹೊಡೆಯುವುದು ಒಬ್ಬರೇ, ನಾಲ್ಕು ಜನಕ್ಕೆ ಎರಡು ಧಾರಾಳ ಸಾಕು. ತೋಟಾದ ಅಳತೆ ಒಂದಕ್ಕೆ .308, ಒಂದಕ್ಕೆ 7ಎಂಎಂ-08 ಅಂತಾದರೆ ಮಗನ ಹೆಗಲಿಗೂ ಜಾಸ್ತಿ ಪೆಟ್ಟು ಬೀಳುವುದಿಲ್ಲ. ಸೆಮಿ ಆಟೊಮ್ಯಾಟಿಕ್ ರೈಫಲ್ ಬಿಡುವುದಿಲ್ಲ, ಪ್ರತಿ ಸಲ ಕೈಯಿಂದ ಬೋಲ್ಟ್ ಎಳೆದು ಹೊಡೆಯುವ ಬೋಲ್ಟ್ ಆ್ಯಕ್ಷನ್ ಮಾತ್ರ ಯೋಚಿಸಿ.

ಇನ್ನು ಕಾಗದ. ಅಮೆರಿಕಾ ಕಡೆಯಿಂದ ಮುಖ್ಯವಾದದ್ದು ಕಸ್ಟಮ್ಸ್‌ನವರ 4457 ನಂಬರಿನ ಫಾರಂ. ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ, ಕೆಲವು ವಾರ ಮೊದಲೇ ಕಸ್ಟಮ್ಸ್ ಆಫೀಸಿಗೆ ಫೋನ್ ಮಾಡಿ, ಕೋವಿಯನ್ನು ಕಾರಿನಲ್ಲೇ ಬಿಟ್ಟು ಬರಬೇಕೋ ಒಳಗೆ ತರಬೇಕೋ ಅಂತ ಕೇಳಿಕೊಂಡು ಹೋಗಿ. ಆಫೀಸರ್ ಸೀರಿಯಲ್ ನಂಬರ್ ಕಣ್ಣಾರೆ ನೋಡಿ ಸೀಲು ಹಾಕಿ ಕೊಡುತ್ತಾರೆ, ದುಡ್ಡಿಲ್ಲ. ವಾಪಸ್ ಬರುವಾಗ ಈ ಕೋವಿ ಇಲ್ಲಿಂದಲೇ ಹೋದದ್ದು ಅನ್ನುವುದಕ್ಕೆ ಅದೇ ಸಾಕ್ಷಿ. ದಕ್ಷಿಣ ಆಫ್ರಿಕಾದ ಪೊಲೀಸರು ಅದನ್ನೇ ನಿಮ್ಮ ಒಡೆತನದ ಕಾಗದ ಅಂತ ನೋಡುತ್ತಾರೆ. ಫಾರಂನ ಮೇಲಿನ ಮೂಲೆಯಲ್ಲಿ ಒಂದು ತಾರೀಕು ಅಚ್ಚಾಗಿರುತ್ತದೆ. ಇಲ್ಲಿನವರು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ಲಿ ಆ ತಾರೀಕು ದಾಟಿದ ಫಾರಂಗೆ ತಕರಾರು ಮಾಡಿದ್ದುಂಟು. ಹಳೆಯದಿದ್ದರೆ ಹೊಸ ಫಾರಂ ಮಾಡಿಸಿ. ನಿಮಗೊಂದು, ಅತ್ತಿಗೆಗೊಂದು, ಬೇರೆ ಬೇರೆ.

ನೀವಿಬ್ಬರೂ ಗ್ರೀನ್ ಕಾರ್ಡ್ ಅಂದಿರಿ, ಒಳ್ಳೆಯದಾಯಿತು. ಸ್ವಂತ ಬಳಕೆಗೆ ಮೂರು ಕೋವಿ, 1000 ತೋಟಾದವರೆಗೆ ಬೇರೆ ರಫ್ತು ಲೈಸೆನ್ಸ್ ಇಲ್ಲದೆ ಒಯ್ಯುವ ಅವಕಾಶ ಇರುವುದು ಅಮೆರಿಕಾ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ. ಇದನ್ನು ಓದುವ ಎಚ್-1ಬಿ ತಮ್ಮಂದಿರು ಗಮನಿಸಿ: ನಿಮಗೆ ಇಲ್ಲಿ ಕೋವಿ ಇಟ್ಟುಕೊಳ್ಳುವುದಕ್ಕೇ ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್‌ನಂಥ ವಿನಾಯಿತಿ ಬೇಕು, ಇಲ್ಲದಿದ್ದರೆ ಅದು ಫೆಡರಲ್ ಅಪರಾಧ. ಆ ಲೈಸೆನ್ಸ್ ಇದೆ ಅಂತ ಹೊರದೇಶಕ್ಕೆ ಒಯ್ಯಬಹುದು ಅಂದುಕೊಳ್ಳಬೇಡಿ. ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಇಂಡಿಯನ್ ಪಾಸ್‌ಪೋರ್ಟ್ ಇರುವವರಿಗೆ ದಕ್ಷಿಣ ಆಫ್ರಿಕಾ ವೀಸಾ ಬೇಕೇ ಬೇಕು. ಅಮೆರಿಕಾ ಪಾಸ್‌ಪೋರ್ಟಿಗೆ 90 ದಿನದವರೆಗೆ ಬೇಡ. ಹಾಗಾಗಿ ಅಮೆರಿಕಾ ಪಾಸ್‌ಪೋರ್ಟ್ ಇರುವ ನಿಮ್ಮ ಮಗನಿಗೆ ವೀಸಾ ಬೇಡ, ನಿಮಗೆ ಬೇಕು. ಮಗ ಚಿಕ್ಕವನು, ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಪೂರ್ತಿ ಬರ್ತ್ ಸರ್ಟಿಫಿಕೇಟ್ ಜೊತೆಗಿರಲಿ. 2015ರಲ್ಲಿ ಅದನ್ನು ತುಂಬಾ ಬಿಗಿ ಮಾಡಿದ್ದರು, ಆಮೇಲೆ ಸಡಿಲಿಸಿದರು, ಆದರೂ ಬಿಟ್ಟು ಹೋಗಬೇಡಿ.

ಆ ತಾತ್ಕಾಲಿಕ ಪರ್ಮಿಟ್‌ಗೆ ತುಂಬಬೇಕಾದದ್ದು ಅಲ್ಲಿನ ಪೊಲೀಸರ ಫಾರಂ 520. ಕಪ್ಪು ಇಂಕಿನಲ್ಲಿ ತುಂಬಿ. ಸಹಿ ಮಾತ್ರ ಮನೆಯಲ್ಲಿ ಹಾಕಬೇಡಿ, ಅಲ್ಲಿ ಪೊಲೀಸರ ಎದುರಿಗೇ ಹಾಕಬೇಕು. ಜೊತೆಗೆ ಔಟ್‌ಫಿಟರ್ ಬರೆದ ಆಹ್ವಾನ ಪತ್ರ, ಹೋಗಿ ಬರುವ ಟಿಕೆಟ್, ಪಾಸ್‌ಪೋರ್ಟ್ ಜೆರಾಕ್ಸ್, 4457. ಫೀಸು ತೆಗೆದುಕೊಂಡು ಮೊದಲೇ ಪರ್ಮಿಟ್ ಮಾಡಿಸಿ ಏರ್‌ಪೋರ್ಟ್‌ನಲ್ಲಿ ನಿಮ್ಮನ್ನು ಎದುರುಗೊಳ್ಳುವ ಏಜೆಂಟರು ಇದ್ದಾರೆ. ಮಕ್ಕಳಿರುವವರು ಆ ದುಡ್ಡಿಗೆ ಯೋಚನೆ ಮಾಡಬೇಡಿ. ಅಷ್ಟು ಉದ್ದದ ಪ್ರಯಾಣ ಮಾಡಿ ಇಳಿದ ಮೇಲೆ ಪೊಲೀಸ್ ಆಫೀಸಿನ ಮುಂದೆ ಮೂರು ಗಂಟೆ ನಿಲ್ಲುವುದು ಯಾರಿಗೆ ಬೇಕು.

ವಿಮಾನದ ವಿಷಯ. ಡಲ್ಲಾಸ್‌ನಿಂದ ಅಟ್ಲಾಂಟಾ, ಅಲ್ಲಿಂದ ಡೆಲ್ಟಾದ ನೇರ ವಿಮಾನದಲ್ಲಿ ಜೊಹಾನ್ಸ್‌ಬರ್ಗ್. ಎರಡು ಕಾಸು ಜಾಸ್ತಿಯಾದರೂ ಇದನ್ನೇ ಹಿಡಿಯಿರಿ, ಯಾಕೆಂದರೆ ನಡುವೆ ಮೂರನೇ ದೇಶ ಬರುವುದಿಲ್ಲ. ಆಮ್‌ಸ್ಟರ್‌ಡ್ಯಾಮ್‌ನಂಥ ಕಡೆ ಬರೀ ವಿಮಾನ ಬದಲಾಯಿಸಲು ಕೂಡ ಕೋವಿಗೆ ಆ ದೇಶದ ಅನುಮತಿ ಬೇಕಾಗುತ್ತದೆ. ನ್ಯೂಯಾರ್ಕ್, ನ್ಯೂಜೆರ್ಸಿ ಏರ್‌ಪೋರ್ಟ್‌ಗಳನ್ನೂ ಬಿಡಿ. 2005ರಲ್ಲಿ ಯೂಟಾದ ಒಬ್ಬರಿಗೆ ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಮುಂದಿನ ವಿಮಾನ ತಪ್ಪಿತು, ಕೋವಿ ಇದ್ದ ಬ್ಯಾಗು ತೆಗೆದುಕೊಂಡು ರಾತ್ರಿ ಹೋಟೆಲ್‌ನಲ್ಲಿ ಉಳಿದರು, ಬೆಳಿಗ್ಗೆ ತಾವೇ ಕೌಂಟರಿನಲ್ಲಿ ಪ್ರಾಮಾಣಿಕವಾಗಿ ಹೇಳಿದರು, ಅರೆಸ್ಟ್ ಆದರು. ಕೇಸು ಕೈಬಿಟ್ಟರು, ಆದರೆ ಅವರು ಹಾಕಿದ ದಾವೆ 2010ರಲ್ಲಿ ಅಪೀಲು ಕೋರ್ಟಿನಲ್ಲೂ ನಿಲ್ಲಲಿಲ್ಲ. ಎಲ್ಲಾದರೂ ರಾತ್ರಿ ಉಳಿಯಬೇಕಾಗಿ ಬಂದರೆ ಕೋವಿ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳಬೇಡಿ, ಏರ್‌ಲೈನ್ ಹತ್ತಿರವೇ ಇರಲಿ ಅಂತ ಹೇಳಿ. ಟಿಕೆಟ್ ಮಾಡಿದ ತಕ್ಷಣ ಏರ್‌ಲೈನ್‌ಗೆ ಕೋವಿ ಇದೆ ಅಂತ ತಿಳಿಸಿ, ಉತ್ತರ ಇಮೇಲ್‌ನಲ್ಲಿ ತೆಗೆದುಕೊಂಡು ಪ್ರಿಂಟ್ ಇಟ್ಟುಕೊಳ್ಳಿ.

ಪೆಟ್ಟಿಗೆ ಗಟ್ಟಿ ಇರಬೇಕು, ಮೂಲೆ ಎತ್ತಿದರೆ ಬೆರಳು ತೂರಬಾರದು. ಇರುವ ಎಲ್ಲಾ ತೂತಿಗೂ ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ. ಬೋಲ್ಟ್ ಬಿಚ್ಚಿ ಅದೇ ಪೆಟ್ಟಿಗೆಯಲ್ಲಿ ಇಡಿ, ಹ್ಯಾಂಡ್ ಲಗೇಜಿನಲ್ಲಿ ಬೇಡ. ಕೌಂಟರಿನಲ್ಲಿ ಹೇಳಿದ ಮೇಲೆ ಏರ್‌ಪೋರ್ಟ್ ತಪಾಸಣೆಯ ಟಿಎಸ್‌ಎಯವರು ನೋಡಿ ಆಯಿತು ಅನ್ನುವವರೆಗೂ ಅಲ್ಲಿಂದ ಕದಲಬೇಡಿ. ತೋಟಾ ಬೇರೆ ಡಬ್ಬಿಯಲ್ಲಿ, ಬೀಗ ಹಾಕಿ, ಚೆಕ್-ಇನ್ ಸೂಟ್‌ಕೇಸಿನೊಳಗೆ. ಒಬ್ಬರಿಗೆ 5 ಕೆಜಿ ಮಿತಿ. ಇಬ್ಬರದ್ದನ್ನು ಸೇರಿಸಿ 10 ಕೆಜಿ ಒಂದೇ ಡಬ್ಬಿಯಲ್ಲಿ ಹಾಕಿದರೆ ತೆಗೆಸುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಒಂದು ಕೋವಿಗೆ 200 ತೋಟಾ ಬಿಡುತ್ತಾರೆ, ಅಷ್ಟು .308 ಹೆಚ್ಚುಕಡಿಮೆ ಆ 5 ಕೆಜಿಗೇ ಬರುತ್ತದೆ. ನಿಮಗೆ ಅಷ್ಟು ಯಾಕೆ? ಹೊಡೆಯುವುದು ಇಂಪಾಲಾ, ಕೂಡು, ವಾರ್ಟ್‌ಹಾಗ್‌ನಂಥ ಪ್ರಾಣಿ ಅಂದರೆ ಕೋವಿಗೆ ಅರವತ್ತು ತೋಟಾ ಸಾಕು.

ಜೊಹಾನ್ಸ್‌ಬರ್ಗಿನಲ್ಲಿ ಕೋವಿ ಪೆಟ್ಟಿಗೆ ಬೆಲ್ಟಿನ ಮೇಲೆ ಬರುವುದಿಲ್ಲ, ಪೊಲೀಸರ ಕೋವಿ ಆಫೀಸಿನಲ್ಲಿ ಸಿಗುತ್ತದೆ. ಅಲ್ಲಿ ನೀವೂ ಅತ್ತಿಗೆಯೂ ಇಬ್ಬರೂ ಇರಲೇಬೇಕು, ಆಗ ಉಳಿದ ಸಾಮಾನು ನೋಡಿಕೊಳ್ಳುವವರು ಯಾರು? ನಾವು ಮೊದಲ ಸಲ ಇದನ್ನು ಯೋಚಿಸಿರಲಿಲ್ಲ, ಮಗು ನಿದ್ದೆಗೆಟ್ಟು ಅಳುತ್ತಿತ್ತು, ತುಂಬಾ ಕಷ್ಟವಾಯಿತು. ನಿಮ್ಮ ಮಗಳಿಗೆ ಮೊದಲೇ ಹೇಳಿ ತಮ್ಮನ ಜವಾಬ್ದಾರಿ ಕೊಡಿ. ಅಲ್ಲಿಂದ ಮುಂದೆ ಇನ್ನೊಂದು ವಿಮಾನ ಬೇಡ, ಲಿಂಪೋಪೋಗೆ ರಸ್ತೆಯಲ್ಲೇ ಹೋಗಿ. ಹಿಂದಿರುಗುವಾಗಲೂ ಅದೇ ಪೊಲೀಸ್ ಆಫೀಸು, ನಾಲ್ಕು ಗಂಟೆ ಮೊದಲೇ ಇರಿ. ಬಿಲ್ಟಾಂಗ್ (ಅಲ್ಲಿನ ಒಣಮಾಂಸ) ತರಬೇಡಿ, ಅಮೆರಿಕಾದೊಳಗೆ ಬಿಡುವುದಿಲ್ಲ. ಅಮೆರಿಕಾದಲ್ಲಿ ಇಳಿದಾಗ ಕಸ್ಟಮ್ಸ್‌ನವರಿಗೆ ಫಾರ್ಮಿಗೆ ಹೋಗಿದ್ದೆವು ಅಂತ ನಿಜ ಹೇಳಿ, ಬೂಟು ಮಣ್ಣಿಲ್ಲದಂತೆ ತೊಳೆದಿರಲಿ.

ಕೊನೆಗೆ ಬ್ಯಾಗಿನ ಮಾತು, ಇದನ್ನು ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿ. ಎರಡನೇ ಸಲ ಹೊರಡುವ ಹಿಂದಿನ ರಾತ್ರಿ ನನ್ನ ಹೆಂಡತಿ ಮಗನ ಸ್ಕೂಲ್ ಬ್ಯಾಗ್ ಕೊಡವಿದಾಗ ಪಕ್ಕದ ಜೇಬಿನಿಂದ ಒಂದು ಜೀವಂತ ತೋಟಾ ಬಿತ್ತು. ಜಿಂಕೆ ಸೀಸನ್‌ನಲ್ಲಿ ಅದೇ ಬ್ಯಾಗನ್ನು ಶಿಕಾರಿಗೆ ಲೀಸ್ ತೆಗೆದುಕೊಂಡ ಜಾಗಕ್ಕೆ ಒಯ್ದಿದ್ದೆವು. ಅದನ್ನು ನೋಡಿ ನನಗೆ ಕೈಕಾಲು ತಣ್ಣಗಾಯಿತು. ಆವತ್ತಿನಿಂದ ನಮ್ಮ ಮನೆಯಲ್ಲಿ ಶಿಕಾರಿಗೆ ಒಮ್ಮೆ ಹೋದ ಬ್ಯಾಗು, ಜಾಕೆಟ್ಟು ಯಾವತ್ತೂ ವಿಮಾನದ ಒಳಗೆ ಬರುವುದಿಲ್ಲ. ಬೆಂಗಳೂರಿಗೆ ಹೋಗುವಾಗಲಂತೂ ಹೊಸ ಬ್ಯಾಗ್‌ಗಳೇ. ಮಕ್ಕಳು ನೆನಪಿಗೆ ಅಂತ ಖಾಲಿ ತೋಟಾ ಎತ್ತಿಟ್ಟುಕೊಳ್ಳುತ್ತಾರೆ, ಅದನ್ನೂ ಅಲ್ಲೇ ಬಿಡಿಸಿ ಬನ್ನಿ.

ಟಿಕೆಟ್ ಏನು ಮಾಡಿದಿರಿ ಅಂತ ಇಲ್ಲೇ ತಿಳಿಸಿ. 520 ತುಂಬಿದ ಮೇಲೆ ಬೇಕಾದರೆ ನನಗೆ ಖಾಸಗಿಯಾಗಿ ಕಳಿಸಿ, ಒಂದು ಸಲ ನೋಡಿ ಕೊಡುತ್ತೇನೆ. ಸೀರಿಯಲ್ ನಂಬರ್ ಇರುವ ಫೋಟೊ ಮಾತ್ರ ಗುಂಪಿಗೆ ಹಾಕಬೇಡಿ.