80 ಕಿಲೋ ಎತ್ತಿದ ಸೊಂಟ ಐದು ಕಿಲೋ ರೈಫಲ್‌ಗೆ ಯಾಕೆ ನೋಯುತ್ತದೆ?

ಓದುಗರ ಪ್ರಶ್ನೆ, ಫಿಸಿಯೋಥೆರಪಿಸ್ಟ್ ಉತ್ತರ

ಪ್ರಶ್ನೆ: ಮೇಡಂ, ನನಗೆ 38 ವರ್ಷ. ತೀರ್ಥಹಳ್ಳಿಯಲ್ಲಿ ಬ್ಯಾಂಕ್ ಕೆಲಸ. ಎರಡು ವರ್ಷದಿಂದ ಪ್ರತಿ ಭಾನುವಾರ ಶಿವಮೊಗ್ಗಕ್ಕೆ ಬಂದು 10 ಮೀಟರ್ ಏರ್ ರೈಫಲ್ ಹೊಡೆಯುತ್ತೇನೆ. ಪದಕದ ಆಸೆ ಇಲ್ಲ, ಆದರೆ ವಾರವಿಡೀ ಆ ದಿನಕ್ಕೇ ಕಾಯುತ್ತೇನೆ. ಐದು ವಾರದ ಹಿಂದೆ ಜಿಮ್‌ನಲ್ಲಿ 80 ಕಿಲೋ ಡೆಡ್‌ಲಿಫ್ಟ್ (ಬಗ್ಗಿ ನೆಲದಿಂದ ಭಾರ ಎತ್ತುವುದು) ಮಾಡುವಾಗ ಸೊಂಟದ ಬಲಗಡೆ ಛಳಕ್ ಅಂದಿತು. ಮೂರು ದಿನ ಮಲಗಿದೆ. ಡಾಕ್ಟರು ಸ್ನಾಯು ಎಳೆದುಕೊಂಡಿದೆ ಅಂದರು, ಮಾತ್ರೆ ಕೊಟ್ಟರು. ಈಗ ಆಫೀಸು, ಬೈಕು ಎಲ್ಲ ಆಗುತ್ತದೆ. ಕಾಲಿಗೆ ನೋವು ಇಳಿದಿಲ್ಲ. ಆದರೆ ಕಳೆದ ಭಾನುವಾರ ರೇಂಜ್‌ನಲ್ಲಿ ರೈಫಲ್ ಹಿಡಿದು ಹತ್ತು ನಿಮಿಷ ಆಗಿರಲಿಲ್ಲ, ಅದೇ ಜಾಗ ಹಿಡಿದುಕೊಂಡಿತು. ರೈಫಲ್ ಐದು ಕಿಲೋನೂ ಇಲ್ಲ! ಎಂಆರ್‌ಐ ಮಾಡಿಸಲಾ? ಗೆಳೆಯರು ಬೆಲ್ಟ್ ಕಟ್ಟಿಕೊಂಡು ಹೊಡಿ ಅನ್ನುತ್ತಾರೆ. ಸೋದರತ್ತೆ, ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಸೊಂಟಕ್ಕೆ ಒದೆಸಿಕೋ ಅನ್ನುತ್ತಾರೆ. ಶೂಟಿಂಗ್ ಬಿಡಬೇಕಾ?
— ಹೆಸರು ಬೇಡ, ತೀರ್ಥಹಳ್ಳಿ

ಉತ್ತರ: ಬಿಡಬೇಡಿ. ಆದರೆ ಮುಂದಿನ ಭಾನುವಾರವೇ 60 ಗುಂಡು ಹೊಡೆಯುವ ಯೋಚನೆ ಇದ್ದರೆ ಅದನ್ನು ಮಾತ್ರ ಬಿಡಿ.

ಮೊದಲು ಒಂದು ವಿಷಯ ಕೇಳಿಕೊಂಡು ಮುಂದಕ್ಕೆ ಹೋಗೋಣ. ಮೂತ್ರ ಅಥವಾ ಮಲ ಹಿಡಿತಕ್ಕೆ ಸಿಗದಿರುವುದು, ಮೂತ್ರ ಕಟ್ಟುವುದು, ತೊಡೆಸಂದಿಯಲ್ಲಿ ಜೋಮು, ಪಾದ ಎತ್ತಲಾಗದ ಹಾಗೆ ಕಾಲು ಸೋಲುವುದು, ನೋವಿನ ಜೊತೆ ಜ್ವರ. ಇವುಗಳಲ್ಲಿ ಯಾವುದಾದರೂ ಒಂದಿದ್ದರೂ ಈ ಪತ್ರಿಕೆ ಪಕ್ಕಕ್ಕಿಟ್ಟು ಇವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಹಾಗಾಗಿ ಈಗಲೇ ಎಂಆರ್‌ಐ ಬೇಡ ಅಂತಲೇ ನನ್ನ ಅಭಿಪ್ರಾಯ. ಸೊಂಟ ನೋವೇ ಇಲ್ಲದ ಇಪ್ಪತ್ತರ ಹುಡುಗರನ್ನು ಸ್ಕ್ಯಾನ್ ಮಾಡಿದರೂ ನೂರಕ್ಕೆ ಸುಮಾರು 30 ಮಂದಿಯಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿರುವುದು ಕಾಣುತ್ತದೆ. ವಯಸ್ಸಾದ ಹಾಗೆ ಇದು ಇನ್ನೂ ಜಾಸ್ತಿ. ಆ ರಿಪೋರ್ಟ್ ಕೈಗೆ ಬಂದ ಮೇಲೆ ಜನ ಬಗ್ಗುವುದಕ್ಕೇ ಹೆದರಿಬಿಡುತ್ತಾರೆ. ಹೆದರಿದ ಸೊಂಟ ಬಿಗಿಯುತ್ತದೆ, ಬಿಗಿದ ಸೊಂಟ ಇನ್ನೂ ನೋಯುತ್ತದೆ. ಇದನ್ನು ನಾನು ದಿನಾ ನೋಡುತ್ತೇನೆ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. 80 ಕಿಲೋ ಎತ್ತುತ್ತಿದ್ದ ಸೊಂಟ ಐದು ಕಿಲೋ ಹಿಡಿಯಲು ಯಾಕೆ ಒದ್ದಾಡುತ್ತದೆ?

ನಮ್ಮ ಕಡೆಯ ಅಡಿಕೆ ಸುಲಿಯುವ ಹೆಂಗಸರನ್ನು ನೆನಪಿಸಿಕೊಳ್ಳಿ. ನಮ್ಮ ಮನೆ ಹೊಸನಗರದ ಕಡೆ. ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ಹನ್ನೊಂದಾದರೂ ಏಳುವುದಿಲ್ಲ. ಒಂದು ಅಡಿಕೆಗೆ ಏನು ಮಹಾ ತೂಕ? ಆದರೂ ಏಳುವಾಗ ಒಂದು ಕೈ ಗೋಡೆಗೆ, ಒಂದು ಕೈ ಸೊಂಟಕ್ಕೆ. ಸೊಂಟಕ್ಕೆ ತೂಕ ಎಷ್ಟು ಅನ್ನುವುದಕ್ಕಿಂತ ಒಂದೇ ಭಂಗಿಯಲ್ಲಿ ಎಷ್ಟು ಹೊತ್ತು ಅನ್ನುವುದು ಹಲವು ಸಲ ಜಾಸ್ತಿ ಭಾರ. ಡೆಡ್‌ಲಿಫ್ಟ್ ಮೂರು ನಾಲ್ಕು ಸೆಕೆಂಡಿನ ಕೆಲಸ. ರೈಫಲ್ ಹಾಗಲ್ಲ. ಸ್ಪರ್ಧೆಯಲ್ಲಿ 15 ನಿಮಿಷ ಗುರಿ ಹೊಂದಿಸಿಕೊಳ್ಳಲು, ಆಮೇಲೆ 60 ಗುಂಡಿಗೆ 1 ಗಂಟೆ 15 ನಿಮಿಷ. ಒಟ್ಟು ಒಂದೂವರೆ ಗಂಟೆ, ಒಂದೇ ಮಗ್ಗುಲಿಗೆ.

ಆ ಭಂಗಿಯನ್ನೇ ಸ್ವಲ್ಪ ನೋಡಿ. ನೀವು ಬಲಗೈಯವರು ಅಂತ ಇಟ್ಟುಕೊಳ್ಳುತ್ತೇನೆ. ಎಡಮಗ್ಗುಲು ಗುರಿಯ ಕಡೆಗೆ. ಎಡ ಸೊಂಟವನ್ನು ಗುರಿಯ ಕಡೆ ತಳ್ಳಿ, ಅದರ ಮೇಲೆ ಎಡ ಮೊಣಕೈ ಊರುತ್ತೀರಿ. ರೈಫಲ್ ಮುಂದಕ್ಕೆ ಜಗ್ಗದ ಹಾಗೆ ಎದೆ ಭಾಗವನ್ನು ಹಿಂದಕ್ಕೆ, ಬಲಕ್ಕೆ ವಾಲಿಸುತ್ತೀರಿ. ಮೇಲೆ ಸ್ವಲ್ಪ ಎಡಕ್ಕೆ ತಿರುಚುತ್ತೀರಿ. ಯಾರಾದರೂ ಹೊಡೆಯುವಾಗ ಹಿಂದೆ ನಿಂತು ಅವರ ಜಾಕೆಟ್ ನೋಡಿ. ಬಲಗಡೆ, ಸೊಂಟದಿಂದ ಸ್ವಲ್ಪ ಮೇಲೆ, ಆ ದಪ್ಪ ಕ್ಯಾನ್ವಾಸ್ ಮಡಿಕೆ ಮಡಿಕೆಯಾಗಿ ಕೂತಿರುತ್ತದೆ. ಜಾಕೆಟ್ ಎಲ್ಲಿ ಮಡಚಿದೆಯೋ ಅದರ ಒಳಗೆ ಬೆನ್ನುಮೂಳೆಯ ಸಣ್ಣ ಕೀಲುಗಳೂ ಒತ್ತಿಕೊಂಡಿರುತ್ತವೆ. ನಿಮಗೆ ಪೆಟ್ಟಾಗಿರುವುದೂ ಬಲಗಡೆಯೇ. ಆಫೀಸು, ಬೈಕು ಎಲ್ಲ ಆಗಿಯೂ ರೈಫಲ್ ಮಾತ್ರ ಆಗದಿರುವುದು ಇದಕ್ಕೇ. ಹಿಂದಕ್ಕೆ ಬಾಗಿ ತಿರುಚಿ ನಿಲ್ಲುವ ಕೆಲಸ ನಿಮ್ಮ ದಿನದಲ್ಲಿ ಬೇರೆಲ್ಲೂ ಇಲ್ಲ. ಇದು ಹೊಸ ಪೆಟ್ಟಲ್ಲ, ಸೊಂಟ ಇನ್ನೂ ಆ ಭಂಗಿಗೆ ವಾಪಸ್ ಬಂದಿಲ್ಲ ಅಷ್ಟೇ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಮಲಗಿ ರೈಫಲ್ ಹೊಡೆದವಳು ನಾನು. ನಲವತ್ತರ ಮೇಲೆ ಏರ್ ರೈಫಲ್ ಹಿಡಿದೆ. ಒಂದು ವರ್ಷ ಅಡಿಕೆ ಬೇಯಿಸುವ ಹಂಡೆಯನ್ನು ಒಲೆಯಿಂದ ಇಳಿಸಲು ಹೋಗಿ ಸೊಂಟ ಹಿಡಿಯಿತು. ಮೂರನೇ ವಾರಕ್ಕೆ ನೋವು ಪೂರ್ತಿ ಹೋಯಿತು. ಹೋಯಿತಲ್ಲ ಅಂತ ರೇಂಜ್‌ಗೆ ಹೋಗಿ ನಲವತ್ತು ಗುಂಡು ಹೊಡೆದೆ. ಹೊಡೆಯುವಾಗ ಏನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಸೀರೆ ನೆರಿಗೆ ಸಿಕ್ಕಿಸಲು ತಲೆ ಬಗ್ಗಿಸಲೂ ಆಗಲಿಲ್ಲ. ಮೂರು ವಾರದಲ್ಲಿ ಮುಗಿಯಬೇಕಾದದ್ದು ಮೂರು ತಿಂಗಳಾಯಿತು. ಬೇರೆಯವರಿಗೆ ಹೇಳುವ ಮಾತನ್ನು ನಾನೇ ಕೇಳಿರಲಿಲ್ಲ, ಅದು ಇವತ್ತಿಗೂ ಬೇಸರ. ಅದಕ್ಕೇ ನಿಮಗೆ ಒಂದೇ ಅಳತೆಗೋಲು ಕೊಡುತ್ತೇನೆ: ಮರುದಿನದ ಬೆಳಿಗ್ಗೆ. ಹೊಡೆಯುವಾಗ ಹತ್ತಕ್ಕೆ ಮೂರರಷ್ಟು ನೋವು ಬಂದರೆ ಪರವಾಗಿಲ್ಲ. ಮರುದಿನ ಎದ್ದಾಗ ಅದು ಎಂದಿನಷ್ಟೇ ಇದ್ದರೆ ಮುಂದಕ್ಕೆ ಹೋಗಿ. ಜಾಸ್ತಿಯಾಗಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ಮನೆಯಲ್ಲಿ ಮಾಡುವ ಕೆಲಸ ಹೀಗೆ. ದಿನಾ ಅರ್ಧ ಗಂಟೆ ಚುರುಕು ನಡಿಗೆ. ಮಳೆಯಿದ್ದರೆ ಜಗಲಿ, ಅಂಗಳದ ಚಪ್ಪರ ಎಲ್ಲಾದರೂ ಸರಿ. ಮಲಗಿ ವಾಸಿಮಾಡುತ್ತೇನೆ ಅನ್ನುವುದು ಬೇಡ, ಒಂದೆರಡು ದಿನಕ್ಕಿಂತ ಜಾಸ್ತಿ ಮಲಗಿದರೆ ಸೊಂಟ ಇನ್ನೂ ಸೋಲುತ್ತದೆ. ನಡಿಗೆಯ ನಂತರ ಚಾಪೆ ಮೇಲೆ ಮೂರು ವ್ಯಾಯಾಮ. ಅಂಗಾತ ಮಲಗಿ, ಒಂದು ಮೊಣಕಾಲು ಮಡಚಿ, ಎರಡೂ ಅಂಗೈ ಸೊಂಟದ ಖಾಲಿ ಜಾಗದ ಕೆಳಗಿಟ್ಟು, ತಲೆ ಭುಜ ಮಾತ್ರ ನಾಲ್ಕು ಬೆರಳು ಎತ್ತಿ. ಇನ್ನೊಂದು, ಮಗ್ಗುಲಾಗಿ ಮೊಣಕೈ ಮತ್ತು ಮಡಚಿದ ಮೊಣಕಾಲಿನ ಮೇಲೆ ಸೊಂಟ ಎತ್ತಿ ಹಿಡಿಯುವುದು. ಮೂರನೆಯದು, ಮಗು ಅಂಬೆಗಾಲಿಡುವ ಹಾಗೆ ನಿಂತು ಬಲಗೈ ಎಡಗಾಲು ನೇರ ಚಾಚುವುದು, ಆಮೇಲೆ ಎಡಗೈ ಬಲಗಾಲು. ಒಂದೊಂದನ್ನೂ ಹತ್ತು ಎಣಿಸುವಷ್ಟು ಹೊತ್ತು, ಐದಾರು ಸಲ. ಉಸಿರು ಕಟ್ಟಬೇಡಿ. ಉಸಿರು ಕಟ್ಟಿದರೆ ಎಣಿಕೆ ಲೆಕ್ಕಕ್ಕಿಲ್ಲ.

ಎದ್ದ ಮೊದಲ ಒಂದು ಗಂಟೆ ಪೂರ್ತಿ ಬಗ್ಗುವ ಕೆಲಸ ಬೇಡ. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಊದಿರುತ್ತವೆ. ಬೆಳಗಿನ ಬಿಗಿತಕ್ಕೆ ಇದೂ ಒಂದು ಕಾರಣ. ಬಿಸಿನೀರು ಧಾರಾಳ ಹಾಕಿಕೊಳ್ಳಿ, ಒಲೆ ಹಂಡೆಯ ನೀರಾದರೆ ಇನ್ನೂ ಒಳ್ಳೆಯದು, ಅದು ಬೇಗ ಮುಗಿಯುವುದಿಲ್ಲ.

ಇನ್ನು ರೈಫಲ್. ಮೊದಲ ವಾರ ಗುಂಡೇ ಬೇಡ, ರೈಫಲ್ಲೂ ಬೇಡ. ಕನ್ನಡಿ ಮುಂದೆ ಬರಿಗೈಯಲ್ಲಿ ಆ ಭಂಗಿಗೆ ಬನ್ನಿ. ಒಂದು ನಿಮಿಷ ನಿಲ್ಲಿ, ಬಿಡಿ, ನಾಲ್ಕು ಹೆಜ್ಜೆ ನಡೆಯಿರಿ. ಐದು ಸಲ. ಎಷ್ಟು ಹಿಂದಕ್ಕೆ ವಾಲುತ್ತಿದ್ದೀರಿ ನೋಡಿ. ಬಹಳ ಮಂದಿ ಬೇಕಾದ್ದಕ್ಕಿಂತ ಜಾಸ್ತಿ ವಾಲುತ್ತಾರೆ. ಕೋಚ್ ಇದ್ದರೆ ಪಾದದ ಅಂತರ ಮತ್ತು ರೈಫಲ್‌ನ ಎತ್ತರ ಹೊಂದಿಸಿ ಆ ಬಾಗು ಕಡಿಮೆ ಮಾಡಿಕೊಡಲು ಕೇಳಿ. ಎರಡನೇ ವಾರ ರೈಫಲ್ ಹಿಡಿದು ಡ್ರೈ ಫೈರ್ (ಗುಂಡು ಹಾಕದೆ ಗುರಿ ಹಿಡಿದು ಟ್ರಿಗರ್ ಒತ್ತುವುದು), ಸ್ಟ್ಯಾಂಡ್ ಮೇಲೆ ಭಾರ ಅರ್ಧ ಬಿಟ್ಟು. ಮೂರನೇ ವಾರ ಗುಂಡು. ಐದು ಹೊಡೆದು, ರೈಫಲ್ ಸ್ಟ್ಯಾಂಡ್ ಮೇಲಿಟ್ಟು, ಎರಡು ನಿಮಿಷ ಓಡಾಡಿ. ಇಂಥ ನಾಲ್ಕು ಸುತ್ತು ಸಾಕು. ಬೆಳಿಗ್ಗೆ ಒಪ್ಪಿದರೆ ಮುಂದಿನ ಸಲ ಆರು ಸುತ್ತು. 60ಕ್ಕೆ ಮುಟ್ಟುವಾಗ ಎರಡು ತಿಂಗಳಾದರೂ ಆಗಲಿ.

ಯಾರೂ ಗಮನಿಸದ ಒಂದು ಜಾಗ ಇದೆ: ಪೆಲೆಟ್ ಡಬ್ಬಿ, ಅಂದರೆ ಏರ್ ರೈಫಲ್‌ನ ಸಣ್ಣ ಗುಂಡುಗಳ ಡಬ್ಬಿ. ಮೇಜು ತಗ್ಗಿದ್ದರೆ ಪ್ರತಿ ಗುಂಡಿಗೂ ಒಂದು ಸಲ ತಿರುಚಿ ಬಗ್ಗುತ್ತೀರಿ. 60 ಗುಂಡಿಗೆ 60 ಸಲ! ಅದಕ್ಕಿಂತ ಕೆಟ್ಟ ವ್ಯಾಯಾಮ ನೋವಿರುವ ಸೊಂಟಕ್ಕೆ ಇಲ್ಲ. ಡಬ್ಬಿಯ ಕೆಳಗೆ ಏನಾದರೂ ಇಟ್ಟು ಕೈಗೆ ಸಿಗುವ ಎತ್ತರಕ್ಕೆ ತನ್ನಿ. ರೈಫಲ್ ಪೆಟ್ಟಿಗೆಯನ್ನು ಕಾರಿನ ಡಿಕ್ಕಿಯಿಂದ ಎತ್ತುವಾಗಲೂ ಹಾಗೇ. ಕೈ ಚಾಚಿ ಒಳಗಿನಿಂದ ಎಳೆದು ಎತ್ತಬೇಡಿ. ಅಂಚಿಗೆ ಜಾರಿಸಿ, ಹೊಟ್ಟೆಗೆ ಒತ್ತಿಕೊಂಡು ಎತ್ತಿ. ಜಾಕೆಟ್, ಬೂಟು ಬೇರೆ ಚೀಲದಲ್ಲಿರಲಿ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಕೂತು ಬಂದು ಸೀದಾ ರೈಫಲ್ ಎತ್ತುತ್ತೀರಿ ಅಲ್ವಾ? ಅದನ್ನೂ ಬದಲಾಯಿಸಿ. ಮಂಡಗದ್ದೆ ಅರ್ಧ ದಾರಿ. ಅಲ್ಲಿ ಇಳಿದು, ತುಂಗೆಯ ನಡುಗಡ್ಡೆಯ ಹಕ್ಕಿಗಳನ್ನು ನೋಡುತ್ತಾ ಐದು ನಿಮಿಷ ಓಡಾಡಿ. ರೇಂಜ್ ತಲುಪಿದ ಮೇಲೆ ಹತ್ತು ನಿಮಿಷ ನಡೆದು ಆಮೇಲೆ ಜಾಕೆಟ್ ಹಾಕಿ.

ಬೆಲ್ಟ್ ವಿಷಯ. ಬಸ್ ಪ್ರಯಾಣಕ್ಕೆ, ಮೊದಲ ಕೆಲವು ದಿನಕ್ಕೆ ಸರಿ. ರೇಂಜ್‌ನಲ್ಲಿ ಬೇಡ. ದೇಹ ಅಲುಗಾಡದ ಹಾಗೆ ಕಟ್ಟಿ ಹಿಡಿಯುವ ಸಾಧನಗಳನ್ನು ಸ್ಪರ್ಧೆಯ ನಿಯಮವೂ ಒಪ್ಪುವುದಿಲ್ಲ. ಮಾತ್ರೆ ಬಗ್ಗೆ ಎರಡು ಮಾತು. ಸ್ನಾಯು ಸಡಿಲಿಸುವ ಮಾತ್ರೆಗಳಲ್ಲಿ ಹಲವು ನಿದ್ದೆ ತರುತ್ತವೆ. ಅದನ್ನು ತಗೊಂಡ ದಿನ ಬಂದೂಕು ಮುಟ್ಟಬೇಡಿ, ಇದರಲ್ಲಿ ರಿಯಾಯಿತಿ ಇಲ್ಲ. ಮುಂದೆ ಯಾವತ್ತಾದರೂ ಸ್ಪರ್ಧೆಗೆ ಹೆಸರು ಕೊಟ್ಟರೆ ಡಾಕ್ಟರಿಗೆ ಮೊದಲೇ ಹೇಳಿ. ಟ್ರಮಡಾಲ್ ಅನ್ನುವ ನೋವಿನ ಔಷಧಿ 2024ರಿಂದ ಸ್ಪರ್ಧೆಯ ವೇಳೆ ನಿಷೇಧದ ಪಟ್ಟಿಯಲ್ಲಿದೆ.

ಸೋದರತ್ತೆಯ ಮಾತು ಪ್ರೀತಿಯಿಂದ ಬಂದದ್ದು, ಗೊತ್ತು. ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ಆದರೆ ಒದೆ ತಿಂದು ನೋವು ಜಾಸ್ತಿ ಮಾಡಿಕೊಂಡು ಬಂದವರನ್ನು ನಾನು ನೋಡಿದ್ದೇನೆ. ಅತ್ತೆಯ ಹತ್ತಿರ ಬೆಚ್ಚಗಿನ ಎಣ್ಣೆ ಹಚ್ಚಿಸಿಕೊಳ್ಳಿ, ಅವರಿಗೂ ಸಮಾಧಾನ.

ಡೆಡ್‌ಲಿಫ್ಟ್‌ಗೂ ವಾಪಸ್ ಹೋಗಬಹುದು. ಮೊದಲು ಪೊರಕೆ ಕೋಲು ಬೆನ್ನಿಗೆ ಹಿಡಿದು ಬಗ್ಗುವುದು ಕಲಿಯಿರಿ. ಕೋಲು ತಲೆಯ ಹಿಂದೆ, ಬೆನ್ನಿನ ನಡುವೆ, ಕೆಳಗೆ ಬೆನ್ನುಮೂಳೆಯ ತುದಿಗೆ ಮೂರೂ ಕಡೆ ತಾಗಿರಬೇಕು. ಬಗ್ಗುವುದು ಸೊಂಟದಿಂದಲ್ಲ, ತೊಡೆಯ ಸಂದಿನಿಂದ, ಕುಂಡೆ ಹಿಂದಕ್ಕೆ ತಳ್ಳಿ. ಇದು ಬಂದ ಮೇಲೆ 20 ಕಿಲೋದ ಬರೀ ಬಾರ್, ಅದೂ ನೆಲದಿಂದಲ್ಲ, ಮೊಣಕಾಲೆತ್ತರದಿಂದ. ವಾರಕ್ಕೆ ಐದು ಕಿಲೋಗಿಂತ ಜಾಸ್ತಿ ಏರಿಸಬೇಡಿ. ಶನಿವಾರ ಎತ್ತಿ ಭಾನುವಾರ ಹೊಡೆಯುವುದು ಬೇಡ, ನಡುವೆ ಎರಡು ದಿನ ಇರಲಿ.

ಇದೆಲ್ಲ ಉದ್ದ ಅನ್ನಿಸಿದರೆ ಅಭಿನವ್ ಬಿಂದ್ರಾ ಅವರನ್ನು ನೆನಪಿಸಿಕೊಳ್ಳಿ. 2006ರಲ್ಲಿ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಅದೇ ವರ್ಷ ಬೆನ್ನು ನೋವಿನಿಂದ ದೋಹಾ ಏಷ್ಯನ್ ಗೇಮ್ಸ್‌ಗೆ ಹೋಗಲಾಗಲಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದರು. ಇನ್ನು ಆರು ವಾರ ಇದನ್ನೆಲ್ಲ ಮಾಡಿಯೂ ಬಲಗಡೆ ಹಾಗೇ ಹಿಡಿಯುತ್ತಿದ್ದರೆ ಹತ್ತಿರದ ಫಿಸಿಯೋ ಹತ್ತಿರ ಹೋಗಿ, ರೈಫಲ್ ಹಿಡಿಯುವ ಭಂಗಿಯ ಫೋಟೋ ಒಂದನ್ನು ತಪ್ಪದೇ ತೋರಿಸಿ. ಅದನ್ನು ನೋಡದೆ ಯಾರೂ ನಿಮ್ಮ ನೋವಿನ ಮೂಲ ಹೇಳಲಾರರು.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷ. ಏರ್ ಪಿಸ್ತೂಲ್ ಕಲಿಯುತ್ತಿದ್ದೇನೆ. ಕೈ ಗಟ್ಟಿಯಾಗಲಿ ಅಂತ ಮೂರು ಕಿಲೋ ಡಂಬೆಲ್ ಚಾಚಿ ಹಿಡಿದು ನಿಲ್ಲುತ್ತೇನೆ. ಭುಜ ಸರಿಯಿದೆ, ಸೊಂಟ ನೋಯುತ್ತದೆ. ಯಾಕೆ?
— ಓದುಗಿ, ಸಾಗರ

ಉತ್ತರ: ತೂಕ ಜಾಸ್ತಿಯಾಯಿತು, ತಂಗಿ. ಸ್ಪರ್ಧೆಯ ಏರ್ ಪಿಸ್ತೂಲ್ 1.5 ಕಿಲೋ ಮೀರುವಂತೆಯೇ ಇಲ್ಲ, ಸಾಮಾನ್ಯವಾಗಿ ಒಂದು ಕಿಲೋ ಆಸುಪಾಸು. ಮೂರು ಕಿಲೋ ಚಾಚಿದಾಗ ಅದನ್ನು ತೂಗಿಸಲು ಹೊಟ್ಟೆ ಮುಂದಕ್ಕೆ ಹೋಗಿ ಸೊಂಟ ಒಳಕ್ಕೆ ಬಾಗುತ್ತದೆ. ಕನ್ನಡಿಗೆ ಪಕ್ಕ ತಿರುಗಿ ನಿಂತರೆ ನಿಮಗೇ ಕಾಣುತ್ತದೆ. ಒಂದು ಲೀಟರ್ ನೀರಿನ ಬಾಟಲಿ ಸಾಕು. ಕುಂಡೆ ಸ್ವಲ್ಪ ಬಿಗಿ, ಪಕ್ಕೆಲುಬು ಕೆಳಗೆ. 15 ಸೆಕೆಂಡು ಹಿಡಿದು 45 ಸೆಕೆಂಡು ಬಿಡಿ, ಹತ್ತು ಸಲ. ಸೊಂಟ ಬಾಗಿದ ಕ್ಷಣವೇ ಕೈ ಇಳಿಸಿ. ಎರಡು ವಾರದ ನಂತರವೂ ನೋವು ಇದ್ದರೆ ಮತ್ತೆ ಬರೆಯಿರಿ.