ಮೆಟಾಡೇಟಾ ಶೋಧ ಮತ್ತು ಪೂರ್ಣಪಠ್ಯ ಶೋಧವನ್ನು ಒಂದೇ ಕ್ವೆರಿಯಲ್ಲಿ ಕೂಡಿಸುವುದು ಹೇಗೆ?

ಗದಗ ಭಾಗದ ಕೆರೆ-ನೀರಾವರಿ ಕಡತಗಳ ಜಿಲ್ಲೆ, ತಾಲೂಕು, ವರ್ಷಗಳಂತಹ ವಿವರಗಳು (ಮೆಟಾಡೇಟಾ) ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿಯೂ ಸ್ಕ್ಯಾನ್ ಮಾಡಿದ ಪುಟಗಳ ಪಠ್ಯ ಎಲಾಸ್ಟಿಕ್‌ಸರ್ಚ್ ಎಂಬ ಶೋಧ ತಂತ್ರಾಂಶದಲ್ಲಿಯೂ ಇವೆ, ಎರಡನ್ನೂ ಬೇರೆಬೇರೆ ಹುಡುಕಿ ಪ್ರೋಗ್ರಾಂನಲ್ಲಿ ಹೊಂದಿಸಿದರೆ ಇರಬೇಕಾದ ಕಡತಗಳು ಸಿಗುತ್ತಿಲ್ಲ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಇಂಥದೇ ಒಂದು ದಾಖಲೆ ಸಂಗ್ರಹವನ್ನು ನಾನು ನೋಡಿಕೊಳ್ಳುತ್ತಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮ ಪಠ್ಯಶೋಧವು ‘ಕೆರೆ ಹೂಳು’ ಎಂಬ ಪದಗಳಿಗೆ ಹೆಚ್ಚು ಹೊಂದುವ ಮೊದಲ ನೂರು ಪುಟಗಳನ್ನು ಕೊಡುತ್ತದೆ ಎಂದಿಟ್ಟುಕೊಳ್ಳಿ. ಅವುಗಳಲ್ಲಿ ರೋಣ ತಾಲೂಕಿನವು ಮೂರೇ ಇದ್ದರೆ, ಆಮೇಲೆ ಪ್ರೋಗ್ರಾಂನಲ್ಲಿ ತಾಲೂಕಿನ ಪ್ರಕಾರ ಹಿಡಿಯುವ ಜರಡಿಯಲ್ಲಿ ಆ ಮೂರೇ ಉಳಿಯುತ್ತವೆ. ನೂರರ ಆಚೆ ಇರುವ ರೋಣದ ಪುಟಗಳು ಲೆಕ್ಕಕ್ಕೇ ಬರುವುದಿಲ್ಲ. ಮಿತಿಯನ್ನು ಸಾವಿರಕ್ಕೆ ಏರಿಸಿದರೆ ತೊಂದರೆ ಮರೆಯಾಗಬಹುದು, ತೀರುವುದಿಲ್ಲ. ಆದ್ದರಿಂದ ತಾಲೂಕು, ವರ್ಷ, ಕಡತದ ಬಗೆ ಇವುಗಳನ್ನು ಪ್ರತಿ ಪುಟದ ಪಠ್ಯದ ಜೊತೆಗೆ ಎಲಾಸ್ಟಿಕ್‌ಸರ್ಚ್ ಇಂಡೆಕ್ಸ್‌ಗೂ (ಹುಡುಕಾಟದ ಸೂಚಿಗೂ) ಸೇರಿಸಿ, ಹಲವು ಷರತ್ತುಗಳನ್ನು ಕೂಡಿಸುವ ಬೂಲ್ ಕ್ವೆರಿಯ ಮಸ್ಟ್ ಭಾಗದಲ್ಲಿ ಪಠ್ಯವನ್ನೂ ಫಿಲ್ಟರ್ ಭಾಗದಲ್ಲಿ ಮೆಟಾಡೇಟಾವನ್ನೂ ಇಡಿ. ಫಿಲ್ಟರ್ ಹೌದು-ಅಲ್ಲ ಎಂಬುದನ್ನಷ್ಟೇ ತೀರ್ಮಾನಿಸುತ್ತದೆ, ಎಷ್ಟು ಹೊಂದುತ್ತದೆ ಎಂಬ ಅಂಕ ಕೊಡುವುದಿಲ್ಲ. ಹಾಗಾಗಿ ಫಲಿತಾಂಶಗಳ ಕ್ರಮವನ್ನು ಪಠ್ಯವೊಂದೇ ನಿರ್ಧರಿಸುತ್ತದೆ. ಸೋಲರ್ ಎಂಬ ಇನ್ನೊಂದು ಶೋಧ ತಂತ್ರಾಂಶದಲ್ಲಿ ಈ ಕೆಲಸವನ್ನು ಎಫ್‌ಕ್ಯೂ (ಫಿಲ್ಟರ್ ಕ್ವೆರಿ) ಮಾಡುತ್ತದೆ. ಸಂಗ್ರಹ ಕೆಲವೇ ಸಾವಿರ ಕಡತಗಳದ್ದಾದರೆ ಪಠ್ಯವನ್ನೂ ಪೋಸ್ಟ್‌ಗ್ರೆಸ್‌ಗೇ ತಂದು, ಪಠ್ಯವನ್ನು ಹುಡುಕಲು ಅನುಕೂಲವಾದ ಪದಗಳ ರೂಪದಲ್ಲಿಡುವ ಟಿಎಸ್‌ವೆಕ್ಟರ್ ಕಾಲಂಗೆ, ಪದದಿಂದ ದಾಖಲೆ ಹುಡುಕುವ ಜಿನ್ ಇಂಡೆಕ್ಸ್ ಹಾಕಿ, ಎರಡೂ ಷರತ್ತುಗಳನ್ನು ಕ್ವೆರಿಯ ಷರತ್ತು ಬರೆಯುವ ವೇರ್ ಭಾಗದಲ್ಲೇ ಒಟ್ಟಿಗೆ ಬರೆಯುವುದು ನನ್ನ ದೃಷ್ಟಿಯಲ್ಲಿ ಇನ್ನೂ ಒಳ್ಳೆಯದು.

ಇದಕ್ಕಿಂತ ಮುಖ್ಯವಾದದ್ದು ಯಾವ ಮೆಟಾಡೇಟಾವನ್ನು ಫಿಲ್ಟರ್ ಆಗಿ ನಂಬಬಹುದು ಎಂಬ ಪ್ರಶ್ನೆ, ಏಕೆಂದರೆ ಫಿಲ್ಟರ್ ತಪ್ಪಿದರೆ ಕಡತ ಕೆಳಗೆ ಸರಿಯುವುದಿಲ್ಲ, ಪೂರ್ತಿ ಕಾಣೆಯಾಗುತ್ತದೆ. ಗದಗ ಮತ್ತು ಹಾವೇರಿ ಜಿಲ್ಲೆಗಳು ರಚನೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ರೋಣ, ನರಗುಂದ, ಮುಂಡರಗಿಯ ಕಡತಗಳ ಮೇಲೆ ಇರುವುದು ಧಾರವಾಡ ಜಿಲ್ಲೆಯ ಹೆಸರೇ. ಕಡತದ ಮೇಲಿನ ಹೆಸರನ್ನೇ ನಮೂದಿಸಿದ್ದರೆ, ‘ಜಿಲ್ಲೆ ಗದಗ, 1985ರಿಂದ 2000’ ಎಂದು ಹುಡುಕುವವರಿಗೆ ಮೊದಲ ಹನ್ನೆರಡು ವರ್ಷಗಳ ಕಡತಗಳು ಸಿಗುವುದೇ ಇಲ್ಲ, ಮತ್ತು ಸಿಗಲಿಲ್ಲ ಎಂಬುದು ಅವರಿಗೆ ತಿಳಿಯುವುದೂ ಇಲ್ಲ. ಮೂಲ ನಮೂದನ್ನು ತಿದ್ದಬೇಡಿ, ಅದೂ ಇತಿಹಾಸವೇ. ಅದರ ಪಕ್ಕದಲ್ಲಿ ಊರಿನ ಆಧಾರದ ಮೇಲೆ ‘ಇಂದಿನ ಜಿಲ್ಲೆ’ ಎಂಬ ಇನ್ನೊಂದು ಫೀಲ್ಡ್ ಇಟ್ಟು, ಫಿಲ್ಟರನ್ನು ಅದರ ಮೇಲೆ ಹಾಕಿ. ಊಹೆಯಿಂದ ತುಂಬಿದ ವಿಷಯ ವರ್ಗದಂತಹ ಫೀಲ್ಡ್‌ಗಳನ್ನು ಬೂಲ್ ಕ್ವೆರಿಯಲ್ಲಿ ಐಚ್ಛಿಕ ಷರತ್ತುಗಳಿಗಿರುವ ಶುಡ್ ಭಾಗದಲ್ಲಿಟ್ಟರೆ ಹೊಂದಿದವು ಮೇಲೇರುತ್ತವೆ, ಹೊಂದದವು ಕೆಳಗಾದರೂ ಉಳಿಯುತ್ತವೆ. ವರ್ಷವೇ ಇಲ್ಲದ ಕಡತಗಳನ್ನು ‘ವರ್ಷ ತಿಳಿಯದು’ ಎಂದು ಬೇರೆಯಾಗಿ ತೋರಿಸಿ.

ಪಠ್ಯದ ಕಡೆಗೂ ಗಮನ ಬೇಕು. ‘ಹೂಳು’ ಎಂದು ಹುಡುಕಿದರೆ ‘ಹೂಳೆತ್ತುವ’ ಎಂಬುದು ಸಿಗದು. ಸಂಧಿಯಲ್ಲಿ ಉಕಾರ ಲೋಪವಾಗಿರುತ್ತದೆ. ‘ಹೂಳ’ ಎಂಬ ಪೂರ್ವಭಾಗದಿಂದ ಹುಡುಕಿದರೆ ಎರಡೂ ಸಿಗುತ್ತವೆ, ಏಕೆಂದರೆ ಯುನಿಕೋಡ್‌ನಲ್ಲಿ ಸ್ವರಚಿಹ್ನೆ ವ್ಯಂಜನದ ನಂತರ ಬರುವ ಪ್ರತ್ಯೇಕ ಸಂಕೇತ. ವಿಭಕ್ತಿ ಪ್ರತ್ಯಯಗಳಿಗೂ ಇದೇ ಉಪಾಯ ಬಹುಮಟ್ಟಿಗೆ ಸಾಕು, ಅನಗತ್ಯ ಫಲಿತಾಂಶಗಳು ಸ್ವಲ್ಪ ಹೆಚ್ಚುತ್ತವೆ ಅಷ್ಟೆ. ಆ ಹೊರೆಯನ್ನು ಫಿಲ್ಟರ್ ತಗ್ಗಿಸುತ್ತದೆ ಎಂಬುದೇ ಎರಡನ್ನೂ ಕೂಡಿಸುವುದರ ದೊಡ್ಡ ಲಾಭ. ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳ ಪಿಡಿಎಫ್‌ಗಳಿದ್ದರೆ ಇಂಡೆಕ್ಸ್‌ಗೆ ಮೊದಲೇ ಯುನಿಕೋಡ್‌ಗೆ ಪರಿವರ್ತಿಸಿ. ಇಂಗ್ಲಿಷ್ ಪತ್ರಗಳೂ ಇದ್ದರೆ, ಹುಬ್ಬಳ್ಳಿಯ ಇಂಗ್ಲಿಷ್ ಕಾಗುಣಿತ 2014ರಲ್ಲಿ ಅಧಿಕೃತವಾಗಿ ಬದಲಾಗಿರುವುದರಿಂದ ಎರಡೂ ರೂಪಗಳನ್ನು ಸಮಾನಪದಗಳ ಪಟ್ಟಿಗೆ ಸೇರಿಸಿ.

ಮೂಲ ದಾಖಲೆ ಪೋಸ್ಟ್‌ಗ್ರೆಸ್‌ನಲ್ಲೇ ಇರಲಿ. ಅಲ್ಲಿ ತಾಲೂಕು ತಿದ್ದಿದ ಕೂಡಲೇ ಆ ಕಡತದ ಎಲ್ಲ ಪುಟಗಳೂ ಮತ್ತೆ ಇಂಡೆಕ್ಸ್ ಆಗುವಂತೆ ವ್ಯವಸ್ಥೆ ಮಾಡಿ. ಯಾರು ಯಾವ ಕಡತ ನೋಡಬಹುದು ಎಂಬ ಅನುಮತಿಯನ್ನು ಸರ್ವರ್ ತಾನೇ ಫಿಲ್ಟರ್ ಭಾಗಕ್ಕೆ ಸೇರಿಸಬೇಕು. ಅದನ್ನು, ಎಣಿಕೆ ಮುಗಿದ ಮೇಲೆ ಫಲಿತಾಂಶಗಳನ್ನಷ್ಟೇ ಜರಡಿ ಹಿಡಿಯುವ ಪೋಸ್ಟ್-ಫಿಲ್ಟರ್‌ನಲ್ಲಿಟ್ಟರೆ ಕಡತಗಳು ಮರೆಯಾದರೂ ತಾಲೂಕುವಾರು ಎಣಿಕೆಯಲ್ಲಿ ಸೇರಿಕೊಂಡು, ಅವು ಇವೆ ಎಂಬುದು ಹೊರಗಿನವರಿಗೆ ತಿಳಿದುಬಿಡುತ್ತದೆ.